ಮೇಲಿನ ದವಡೆಗೆ ಇಂಪ್ಲಾಂಟ್: ಸೈನಸ್ ಲಿಫ್ಟ್‌ಗೆ ಹೊರಡುವ ಮೊದಲು ಕೊಡಗಿನವರು ಹಾಕಬೇಕಾದ ತಿಂಗಳುಗಳ ಲೆಕ್ಕ

ಮೇಲಿನ ದವಡೆ ಹಲ್ಲು ಕೀಳಿಸಿ ಕೆಲವು ವರ್ಷ ಆಗಿರುತ್ತದೆ. ಒಂದೇ ಕಡೆ ಅಗಿದು ಅಗಿದು ಸಾಕಾಗಿ, ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಕ್ಯಾಪ್ ಹಾಕುವ ಹಲ್ಲು) ಹಾಕಿಸೋಣ ಅಂತ ಹೋಗುತ್ತೀರಿ. ಡಾಕ್ಟರು ಎಕ್ಸ್‌ರೇ ನೋಡಿ, "ಸ್ಕ್ರೂ ಕೂರಿಸಲು ಮೂಳೆ ಸಾಲದು. ಮೊದಲು ಸೈನಸ್ ಲಿಫ್ಟ್ ಮಾಡಿ ಮೂಳೆ ತುಂಬಿಸಬೇಕು" ಅನ್ನುತ್ತಾರೆ. ಹಲ್ಲು ತೋರಿಸಲು ಬಂದರೆ ಸೈನಸ್ ಆಪರೇಷನ್ ಯಾಕೆ ಅಂತ ಗಾಬರಿ ಆಗುವುದು ಸಹಜ ಅಲ್ವಾ?

ನಮ್ಮ ಅವ್ವನಿಗೆ ಇದನ್ನು ಮಾಡಿಸಿದೆವು. ಆಗ ಕೇಳಿ ತಿಳಿದದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇದು ಒಂದು ದಿನದಲ್ಲಿ ಮುಗಿಯುವ ಕೆಲಸ ಅಲ್ಲ, ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯುತ್ತದೆ. ಮಳೆಗಾಲದಲ್ಲಿ ಘಾಟಿ ರಸ್ತೆ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನಲ್ಲಿ ಉಸಿರಾಡಲೂ ಬಿಡುವಿಲ್ಲದ ಊರು ನಮ್ಮದು. ಹಾಗಾಗಿ ದುಡ್ಡಿನ ಲೆಕ್ಕದ ಜೊತೆಗೇ ತಿಂಗಳುಗಳ ಲೆಕ್ಕವನ್ನೂ ಹಾಕಿಕೊಂಡು ಹೊರಡಬೇಕು.

ಮೂಳೆ ಎಲ್ಲಿಗೆ ಹೋಯಿತು?

ಹಲ್ಲಿನ ಬೇರು ಇರುವಷ್ಟು ದಿನ ಅದರ ಸುತ್ತಲಿನ ಮೂಳೆಗೆ ಕೆಲಸ ಇರುತ್ತದೆ. ಹಲ್ಲು ಹೋದ ಮೇಲೆ ಆ ಮೂಳೆ ಕರಗಲು ಶುರುವಾಗುತ್ತದೆ. ಮೊದಲ ವರ್ಷದಲ್ಲೇ ದವಡೆಯ ಅಗಲ ಅರ್ಧದಷ್ಟು ಕಡಿಮೆ ಆಗಬಹುದು. ಅದರಲ್ಲೂ ಜಾಸ್ತಿ ಭಾಗ ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ.

ಮೇಲಿನ ದವಡೆಗೆ ಇನ್ನೊಂದು ತೊಂದರೆ ಇದೆ. ಕೆನ್ನೆಯ ಮೂಳೆಯ ಒಳಗೆ, ದವಡೆ ಹಲ್ಲುಗಳ ಬೇರಿನ ನೇರ ಮೇಲೆ, ಗಾಳಿ ತುಂಬಿದ ಒಂದು ಪೊಳ್ಳು ಜಾಗ ಇದೆ. ಅದೇ ಸೈನಸ್. ನೆಗಡಿ ಕಟ್ಟಿದಾಗ ಕೆನ್ನೆ ಭಾರ ಅನ್ನಿಸುವುದು ಇಲ್ಲೇ. ಹಲ್ಲು ಹೋದ ಮೇಲೆ ಈ ಪೊಳ್ಳು ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಕೆಳಗಿನಿಂದ ಮೂಳೆ ಕರಗುತ್ತದೆ, ಮೇಲಿನಿಂದ ಸೈನಸ್ ಇಳಿಯುತ್ತದೆ. ನಡುವೆ ಉಳಿಯುವುದು ಕೆಲವೊಮ್ಮೆ ಎರಡು ಮೂರು ಮಿಲಿಮೀಟರ್. ಇಂಪ್ಲಾಂಟ್‌ನ ಉದ್ದ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್. ಸೈನಸ್‌ನ ನೆಲವನ್ನು ಮೇಲಕ್ಕೆತ್ತಿ, ಕೆಳಗೆ ಆದ ಜಾಗಕ್ಕೆ ಮೂಳೆಪುಡಿ ತುಂಬಿಸುವುದೇ ಸೈನಸ್ ಲಿಫ್ಟ್.

ಕೆಳದವಡೆಯಲ್ಲಿ ಸೈನಸ್ ಇಲ್ಲ. ಅಲ್ಲಿ ತುಟಿಗೆ ಸ್ಪರ್ಶ ಕೊಡುವ ನರ ಮೂಳೆಯೊಳಗೆ ಹಾದುಹೋಗುತ್ತದೆ. ಮೂಳೆ ತೆಳುವಾಗಿದ್ದರೆ ಪಕ್ಕದಲ್ಲಿ ಅಥವಾ ಮೇಲೆ ಕಟ್ಟಬೇಕಾಗುತ್ತದೆ. ಆ ವಿಧಾನವೇ ಬೇರೆ, ಇಲ್ಲಿ ಅದನ್ನು ಬಿಡುತ್ತೇನೆ.

ನಿಮ್ಮ ಹಲ್ಲು ಇನ್ನೂ ಕೀಳಿಸಿಲ್ಲ, ಮುಂದೆ ಕೀಳಿಸಬೇಕಿದೆ ಅಂತಾದರೆ ಒಂದು ಮಾತು ಈಗಲೇ ಕೇಳಿ. "ಕೀಳುವಾಗಲೇ ಗುಳಿಗೆ ಮೂಳೆಪುಡಿ ತುಂಬಿಸಿದರೆ ಒಳ್ಳೆಯದಾ?" ಮೂಳೆ ಕರಗುವುದು ಇದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೆ ಕಡಿಮೆ ಆಗುತ್ತದೆ. ಮುಂದೆ ದೊಡ್ಡ ಆಪರೇಷನ್ ತಪ್ಪಬಹುದು. ನಮ್ಮಲ್ಲಿ ಹಲ್ಲು ಕೀಳಿಸಿ "ನೋಡೋಣ, ಕೊಯ್ಲು ಮುಗೀಲಿ" ಅಂತ ವರ್ಷಗಟ್ಟಲೆ ಬಿಡುವವರೇ ಹೆಚ್ಚು.

ಇದು ನಿಜಕ್ಕೂ ಬೇಕಾ?

ಮೊದಲು ಈ ಪ್ರಶ್ನೆ ಕೇಳಲು ಸಂಕೋಚ ಪಡಬೇಡಿ. ಹೋಗಿರುವುದು ತೀರಾ ಹಿಂದಿನ ಒಂದೇ ಹಲ್ಲಾದರೆ, ಅಗಿಯಲು ತೊಂದರೆ ಇಲ್ಲದಿದ್ದರೆ, ಹಾಗೇ ಬಿಡುವುದೂ ಒಂದು ದಾರಿ. ಪಕ್ಕದ ಹಲ್ಲುಗಳಿಗೆ ಹೇಗಿದ್ದರೂ ಕ್ಯಾಪ್ ಬೇಕಿದ್ದರೆ, ಅವುಗಳ ಆಧಾರದಲ್ಲೇ ನಡುವೆ ಹಲ್ಲು ಕಟ್ಟುವ ಬ್ರಿಡ್ಜ್ ಸಾಕಾಗಬಹುದು. ಅವು ಚೆನ್ನಾಗಿದ್ದರೆ ಮಾತ್ರ ಬ್ರಿಡ್ಜ್‌ಗೋಸ್ಕರ ಒಳ್ಳೆಯ ಹಲ್ಲು ಉಜ್ಜುವುದು ನಷ್ಟ. ತೆಗೆದು ಹಾಕುವ ಸೆಟ್ಟು ಕಡಿಮೆ ಖರ್ಚಿನದು, ಆದರೆ ಎಲ್ಲರಿಗೂ ಒಗ್ಗುವುದಿಲ್ಲ. ಐದಾರು ಮಿಲಿಮೀಟರ್ ಮೂಳೆ ಇದ್ದವರಿಗೆ ಗಿಡ್ಡ ಇಂಪ್ಲಾಂಟ್ ಹಾಕಿ ಸೈನಸ್ ಮುಟ್ಟದೇ ಮುಗಿಸುವ ಡಾಕ್ಟರುಗಳೂ ಇದ್ದಾರೆ. ಇಡೀ ದವಡೆಯಲ್ಲಿ ಹಲ್ಲಿಲ್ಲದವರಿಗೆ ಓರೆಯಾಗಿ ಇಂಪ್ಲಾಂಟ್ ಕೂರಿಸುವ ಕ್ರಮವೂ ಇದೆ.

ಒಬ್ಬರು ಹೇಳಿದ್ದಕ್ಕೆ ತಕ್ಷಣ ಒಪ್ಪದೆ ಇನ್ನೊಬ್ಬರಿಗೂ ತೋರಿಸಿ. ವಿರಾಜಪೇಟೆಯ ಮಗ್ಗುಲದಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಡೆಂಟಲ್ ಸೈನ್ಸಸ್ ಇದೆ. ಸಂಪಾಜೆ ಘಾಟಿ ಇಳಿದರೆ ಸುಳ್ಯದಲ್ಲಿ ಕೆವಿಜಿ ಡೆಂಟಲ್ ಕಾಲೇಜು ಇದೆ. ಮೈಸೂರು, ಮಂಗಳೂರಿನಲ್ಲಂತೂ ಕಾಲೇಜುಗಳೂ ದೊಡ್ಡ ಕ್ಲಿನಿಕ್‌ಗಳೂ ಬೇಕಾದಷ್ಟಿವೆ. ಡೆಂಟಲ್ ಕಾಲೇಜುಗಳಲ್ಲಿ ಪ್ರೊಫೆಸರುಗಳ ಕೈಕೆಳಗೆ ಕೆಲಸ ನಡೆಯುತ್ತದೆ, ಸಮಯ ಸ್ವಲ್ಪ ಜಾಸ್ತಿ ಹಿಡಿಯಬಹುದು, ಖರ್ಚು ಸಾಮಾನ್ಯವಾಗಿ ಕಡಿಮೆ. ಯಾರ ಹತ್ತಿರ ಹೋದರೂ ನೇರವಾಗಿ ಕೇಳಿ: ಸೈನಸ್ ಲಿಫ್ಟ್ ನೀವೇ ಮಾಡುತ್ತೀರಾ, ಹೊರಗಿನಿಂದ ಓರಲ್ ಸರ್ಜನ್ ಬರುತ್ತಾರಾ? ಹೊರಗಿನವರು ಬಂದು ಹೋಗುವುದಾದರೆ, ಆಪರೇಷನ್ ಆದ ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡಬೇಕು? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸುಮ್ನೆ ಓಡಿಹೋಗಿ ತೋರಿಸಿ ಬರುವ ದೂರ ಅಲ್ಲ. ಹತ್ತಿರದಲ್ಲಿ ನೋಡುವ ಒಬ್ಬರು ಡಾಕ್ಟರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಸ್ಕ್ಯಾನ್

ಉದ್ದಕ್ಕೆ ಇಡೀ ಬಾಯಿ ತೋರಿಸುವ ಒಪಿಜಿ ಎಕ್ಸ್‌ರೇ ಒಂದರಿಂದಲೇ ಈ ಆಪರೇಷನ್ ನಿರ್ಧಾರ ಆಗಬಾರದು. ಅದರಲ್ಲಿ ಎತ್ತರ ಅಂದಾಜಿಗೆ ಸಿಗುತ್ತದೆ, ಅಗಲ ಕಾಣುವುದೇ ಇಲ್ಲ. ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಬೇಕು. ನಿಂತೋ ಕೂತೋ ಇದ್ದರೆ ಯಂತ್ರ ತಲೆಯ ಸುತ್ತ ಒಮ್ಮೆ ತಿರುಗುತ್ತದೆ, ನಿಮಿಷದೊಳಗೆ ಮುಗಿಯುತ್ತದೆ.

ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿ ತೋರಿಸಿ ಅಂತ ಕೇಳಿ. ಅವ್ವನದ್ದನ್ನು ಡಾಕ್ಟರು ಪರದೆಯ ಮೇಲೆ ಪದರ ಪದರವಾಗಿ ಸರಿಸುತ್ತಾ ಹೋದರು. ಕೆಳಗೆ ವಸಡಿನ ಬೂದು ಅಂಚು, ಅದರ ಮೇಲೆ ಬಿಳಿ ಮೂಳೆಯ ತೆಳು ಪಟ್ಟಿ, ಅದರ ಮೇಲೆ ಕಪ್ಪು ಪೊಳ್ಳು. ಮೌಸ್‌ನಲ್ಲಿ ಒಂದು ಗೆರೆ ಎಳೆದರು, ಪಕ್ಕದಲ್ಲಿ ನಾಲ್ಕು ಮಿಲಿಮೀಟರ್ ಚಿಲ್ಲರೆ ಅಂತ ಸಂಖ್ಯೆ ಬಂತು. ಅಷ್ಟು ಹೊತ್ತು ಬೇಡ ಬೇಡ ಅನ್ನುತ್ತಿದ್ದ ಅವ್ವ ಆ ಸಂಖ್ಯೆ ನೋಡಿದ ಮೇಲೆ ತಾನೇ ಪ್ರಶ್ನೆ ಕೇಳಲು ಶುರು ಮಾಡಿದರು.

ಆ ಗೆರೆಯ ಅಳತೆ ಮೇಲೆಯೇ ಮುಂದಿನ ದಾರಿ ನಿಂತಿದೆ. 8 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸೈನಸ್ ಎತ್ತುವ ಅಗತ್ಯ ಬರುವುದಿಲ್ಲ. 5ರಿಂದ 8ರ ನಡುವೆ ಇದ್ದರೆ ಇಂಪ್ಲಾಂಟ್ ಕೂರಿಸುವ ತೂತಿನ ಮೂಲಕವೇ ಕೆಳಗಿನಿಂದ ಸ್ವಲ್ಪ ಎತ್ತುವ ಚಿಕ್ಕ ವಿಧಾನ ಸಾಕು. 5ಕ್ಕಿಂತ ಕಡಿಮೆ ಇದ್ದರೆ ದವಡೆಯ ಪಕ್ಕದಲ್ಲಿ ಕಿಟಕಿ ತೆರೆದು ಎತ್ತುವ ದೊಡ್ಡ ವಿಧಾನ. ಕಿಟಕಿಯ ವಿಧಾನ 1970ರ ದಶಕದಿಂದ ಬಳಕೆಯಲ್ಲಿದೆ, ಕೆಳಗಿನಿಂದ ಎತ್ತುವುದು 1994ರ ಹೊತ್ತಿಗೆ ಬಂತು. ಹೊಸ ಪ್ರಯೋಗ ಏನಲ್ಲ.

ಸ್ಕ್ಯಾನ್‌ನಲ್ಲಿ ಸೈನಸ್ ಒಳಗೆ ಕಫ ತುಂಬಿದ್ದರೆ, ಪೊರೆ ತುಂಬಾ ದಪ್ಪ ಆಗಿದ್ದರೆ, ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಲು ಹೇಳುತ್ತಾರೆ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಸೈನಸ್‌ನ ನೀರು ಮೂಗಿಗೆ ಇಳಿಯುವ ಸಣ್ಣ ಬಾಯಿ ಮುಚ್ಚಿಕೊಂಡಿದ್ದರೆ, ತುಂಬಿಸಿದ ಮೂಳೆಗೆ ಸೋಂಕು ತಗಲುವ ಅಪಾಯ ಜಾಸ್ತಿ.

ಡಾಕ್ಟರಿಗೆ ಹೇಳಲೇಬೇಕಾದ್ದು

ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದು 7ರ ಆಸುಪಾಸಿಗೆ ಬರುವವರೆಗೆ ಕಾಯುವುದು ಒಳ್ಳೆಯದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ. ನೀವೇ ನಿಲ್ಲಿಸಬೇಡಿ, ಹೃದಯದ ಡಾಕ್ಟರು ಹೇಳಿದರೆ ಮಾತ್ರ. ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ ಅಥವಾ ವರ್ಷಕ್ಕೊಂದು ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ತಗೊಂಡಿರುವ ಹೆಂಗಸರು ನಮ್ಮಲ್ಲಿ ಇದ್ದಾರೆ. ಹಲ್ಲಿಗೂ ಮಂಡಿ ಮೂಳೆಯ ಔಷಧಿಗೂ ಏನು ಸಂಬಂಧ ಅಂತ ಹೇಳದೇ ಬಿಡುತ್ತಾರೆ. ಸಂಬಂಧ ಇದೆ. ಈ ಔಷಧಿಗಳಿಂದ ದವಡೆ ಮೂಳೆಯ ಗಾಯ ಮಾಯದೇ ಉಳಿಯುವ ಅಪಾಯ ಇದೆ. ಪೆನಿಸಿಲಿನ್ ಅಲರ್ಜಿ, ಹಿಂದೆ ತಲೆ-ಕುತ್ತಿಗೆಗೆ ಕೊಟ್ಟ ರೇಡಿಯೇಷನ್, ಹಳೆಯ ಸೈನಸ್ ಆಪರೇಷನ್, ಬೆಳಗ್ಗೆ ಎದ್ದರೆ ಸಾಲು ಸೀನು, ಇವೆಲ್ಲವನ್ನೂ ಹೇಳಿ.

ಬೀಡಿ ಸಿಗರೇಟು ಸೇದುವವರಿಗೆ ಮೂಳೆ ಕೂಡುವುದು ನಿಧಾನ, ಸೋಲುವ ಸಾಧ್ಯತೆ ಜಾಸ್ತಿ. ಎರಡು ವಾರ ಮೊದಲೇ ಬಿಡಬೇಕು, ಮೂಳೆ ಗಟ್ಟಿಯಾಗುವವರೆಗೂ ಮುಟ್ಟಬಾರದು. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಿ ಕೆಲವೊಮ್ಮೆ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಹಲ್ಲಿನ ಜಾಗಕ್ಕೆ ಡಾಕ್ಟರ ಕೈಯೇ ಹೋಗದಿದ್ದರೆ ಆಪರೇಷನ್ ಮಾಡುವುದು ಹೇಗೆ? ಮೂರು ಬೆರಳು ನೆಟ್ಟಗೆ ಬಾಯಲ್ಲಿ ಹಿಡಿಸುತ್ತಾ ಅಂತ ಮನೆಯಲ್ಲೇ ನೋಡಿಕೊಳ್ಳಿ.

ತುಂಬಿಸುವ ಮೂಳೆ ಯಾವುದು?

ನಿಮ್ಮದೇ ಗದ್ದ ಅಥವಾ ಹಿಂದವಡೆಯಿಂದ ಕೆರೆದು ತೆಗೆದದ್ದು ಇರಬಹುದು. ದಾನಿಯ ಮೂಳೆಯನ್ನು ಸಂಸ್ಕರಿಸಿದ್ದು ಇರಬಹುದು. ದನದ ಮೂಳೆಯಿಂದ ಮಾಡಿದ ಹರಳು ತುಂಬಾ ಬಳಕೆಯಲ್ಲಿದೆ. ಇವು ಬಿಟ್ಟರೆ ಪೂರ್ತಿ ಕೃತಕವಾದ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ. ಕಿಟಕಿ ಮುಚ್ಚಲು ಬಳಸುವ ಕೊಲಾಜೆನ್ ಹಾಳೆ ದನದ್ದು ಅಥವಾ ಹಂದಿಯದ್ದು ಆಗಿರಬಹುದು.

ಇದನ್ನು ಕೇಳದೇ ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮಲ್ಲಿ ದನದ್ದು ಬೇಡ ಅನ್ನುವ ಮನೆಗಳಿವೆ, ಹಂದಿಯದ್ದು ಬೇಡ ಅನ್ನುವ ಮನೆಗಳಿವೆ. ಆ ಹರಳಿನಲ್ಲಿ ಜೀವದ ಅಂಶ ಏನೂ ಉಳಿಯದ ಹಾಗೆ ಸಂಸ್ಕರಿಸಿರುತ್ತಾರೆ ಅನ್ನುವುದು ನಿಜ. ಆದರೂ ಮನಸ್ಸಿಗೆ ಒಪ್ಪದ ವಸ್ತುವನ್ನು ಗೊತ್ತಿಲ್ಲದೆ ದವಡೆಯಲ್ಲಿ ಇಟ್ಟುಕೊಂಡು ಆಮೇಲೆ ಕೊರಗುವುದು ಬೇಡ. ಮೊದಲೇ ಹೇಳಿದರೆ ಕೃತಕ ಪುಡಿ ತರಿಸುತ್ತಾರೆ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ ಮಾಡುವ ಪಿಆರ್‌ಎಫ್ ಹಾಳೆಯನ್ನು ಜೊತೆಗೆ ಬಳಸಬಹುದಾ ಅಂತಲೂ ಕೇಳಿ.

ಅಂದಾಜು ಖರ್ಚನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಸ್ಕ್ಯಾನ್, ಮೂಳೆಪುಡಿ, ಹಾಳೆ, ಆಪರೇಷನ್, ಇಂಪ್ಲಾಂಟ್, ಅದರ ಮೇಲಿನ ತುಂಡು, ಕ್ಯಾಪ್, ಎಲ್ಲಕ್ಕೂ ಬೇರೆ ಬೇರೆ ಸಾಲು ಇರಲಿ. "ಇಂಪ್ಲಾಂಟ್ ಇಷ್ಟು" ಅಂತ ಒಂದೇ ಮೊತ್ತ ಹೇಳಿದರೆ ಕೊನೆಗೆ ಕ್ಯಾಪ್ ಬೇರೆ ಅಂತ ಬರುವುದುಂಟು.

ಯಾವ ತಿಂಗಳು?

ನನ್ನ ಪ್ರಕಾರ ಕೊಡಗಿನವರಿಗೆ ಏಪ್ರಿಲ್ ಒಳ್ಳೆಯದು. ರೋಬಸ್ಟಾ ಕೊಯ್ಲು ಮುಗಿದಿರುತ್ತದೆ, ಕರಿಮೆಣಸು ಕೊಯ್ದಾಗಿರುತ್ತದೆ. ಕಾಫಿ ಒಣಗಿಸುವ ಕಣದ ದೂಳು ಇರುವುದಿಲ್ಲ, ಡಿಸೆಂಬರ್ ಚಳಿಯ ನೆಗಡಿ ಇರುವುದಿಲ್ಲ, ರಸ್ತೆ ಚೆನ್ನಾಗಿರುತ್ತದೆ. ನಾಜೂಕಿನ ಮೊದಲ ಮೂರು ನಾಲ್ಕು ವಾರ ಮೇ ತಿಂಗಳೊಳಗೆ ಕಳೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುತ್ತಿರುವಾಗ ಮೂಳೆ ತನ್ನ ಪಾಡಿಗೆ ಗಟ್ಟಿಯಾಗುತ್ತಿರುತ್ತದೆ, ನೀವು ಎಲ್ಲೂ ಓಡಾಡಬೇಕಿಲ್ಲ. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಮುಗಿಸಿಕೊಂಡು ಇಂಪ್ಲಾಂಟ್. ಅದು ಮೂಳೆಗೆ ಹಿಡಿಯುವಷ್ಟರಲ್ಲಿ ಕೊಯ್ಲು ಮುಗಿದು ಮಾರ್ಚ್‌ಗೆ ಕ್ಯಾಪ್.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಹೊಲಿಗೆ ಬಿಚ್ಚಿಸಬೇಕಾದ ದಿನವೇ ಹಾಗಾದರೆ? ಜುಲೈ, ಆಗಸ್ಟ್‌ನಲ್ಲಿ ಘಾಟಿ ದಾಟಿ ಮಾಡಿಸುವ ಆಪರೇಷನ್ ಬೇಡವೇ ಬೇಡ ಅನ್ನುತ್ತೇನೆ.

ಆಪರೇಷನ್ ದಿನ

ಚೆನ್ನಾಗಿ ತಿಂಡಿ ತಿಂದು, ಡಾಕ್ಟರು ಹೇಳಿದ ಮಾತ್ರೆ ನುಂಗಿ ಹೋಗಿ. ಪ್ರಜ್ಞೆ ತಪ್ಪಿಸುವುದಾದರೆ ಮಾತ್ರ ಖಾಲಿ ಹೊಟ್ಟೆ. ಸಾಮಾನ್ಯವಾಗಿ ಜಾಗ ಮರಗಟ್ಟಿಸುವ ಇಂಜೆಕ್ಷನ್ ಸಾಕಾಗುತ್ತದೆ.

ವಸಡನ್ನು ಸರಿಸಿ, ದವಡೆಯ ಹೊರಗೋಡೆಯಲ್ಲಿ ಬೆರಳಿನ ಉಗುರಿನಷ್ಟು ಕಿಟಕಿ ಮಾಡುತ್ತಾರೆ. ಅದರ ಹಿಂದೆ ಸೈನಸ್‌ನ ಪೊರೆ ಇರುತ್ತದೆ, ಮೊಟ್ಟೆ ಚಿಪ್ಪಿನ ಒಳಗಿನ ಬಿಳಿ ಪೊರೆಯ ಹಾಗೆ. ಬಾಗಿದ ಸಣ್ಣ ಉಪಕರಣಗಳಿಂದ ಅದನ್ನು ಹರಿಯದ ಹಾಗೆ ಮೂಳೆಯಿಂದ ಬಿಡಿಸಿ ಮೇಲಕ್ಕೆತ್ತುವುದೇ ಇಡೀ ಕೆಲಸದ ಕಷ್ಟದ ಭಾಗ. ಕೆಳಗಿನ ಜಾಗಕ್ಕೆ ಪುಡಿ ತುಂಬಿ, ಹಾಳೆ ಮುಚ್ಚಿ, ಹೊಲಿಗೆ ಹಾಕುತ್ತಾರೆ. ಒಂದರಿಂದ ಎರಡು ಗಂಟೆ. ಉಳಿದ ಮೂಳೆ ಇಂಪ್ಲಾಂಟನ್ನು ಅಲುಗದ ಹಾಗೆ ಹಿಡಿಯುವಷ್ಟಿದ್ದರೆ ಅದೇ ದಿನ ಇಂಪ್ಲಾಂಟ್ ಕೂಡ ಕೂರಿಸುತ್ತಾರೆ. ಆಗ ಒಂದು ಸುತ್ತು ಕಾಯುವುದು ಉಳಿಯುತ್ತದೆ.

ಪೊರೆ ಹರಿಯುವುದು ಈ ಆಪರೇಷನ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಡಕು. ಸಣ್ಣ ಹರಕನ್ನು ಕೊಲಾಜೆನ್ ತೇಪೆಯಿಂದ ಮುಚ್ಚಿ ಮುಂದುವರಿಸುತ್ತಾರೆ. ದೊಡ್ಡದಾದರೆ ಅಲ್ಲಿಗೇ ನಿಲ್ಲಿಸಿ, ಹೊಲಿದು, ಕೆಲವು ತಿಂಗಳು ಬಿಟ್ಟು ಮತ್ತೆ ಮಾಡುತ್ತಾರೆ. "ಇವತ್ತು ನಿಲ್ಲಿಸಿದೆ" ಅಂತ ಹೇಳುವ ಡಾಕ್ಟರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅದು ಸರಿಯಾದ ನಿರ್ಧಾರ.

ಕೆಳಗಿನಿಂದ ಎತ್ತುವ ಚಿಕ್ಕ ವಿಧಾನದಲ್ಲಿ ಕೆಲವರು ಉಳಿಯಂಥ ಉಪಕರಣ ಇಟ್ಟು ಟಕ್ ಟಕ್ ಅಂತ ಬಡಿಯುತ್ತಾರೆ. ನೋವಿರುವುದಿಲ್ಲ, ತಲೆಗೆ ಪೆಟ್ಟು ಬಿದ್ದ ಹಾಗೆ ಅನ್ನಿಸುತ್ತದೆ. ಅಪರೂಪಕ್ಕೆ ಆಮೇಲೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ಸುತ್ತುತ್ತದೆ. ಹಾಗಾದರೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ.

ಮೊದಲ ಮೂರು ವಾರ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತುಂಬಿಸಿದ ಪುಡಿ ಇನ್ನೂ ಪುಡಿಯಾಗಿಯೇ ಇರುತ್ತದೆ. ಮೂಗಿನ ಒಳಗಿನ ಒತ್ತಡ ಏರಿದರೆ ಪೊರೆ ಹರಿದು ಪುಡಿ ಜಾರಬಹುದು.

ಮೂಗು ಸೀಟಬೇಡಿ. ಸಿಂಬಳ ಬಂದರೆ ಮೆತ್ತಗೆ ಒರೆಸಿಕೊಳ್ಳಿ. ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲ ತೆರೆದು ಸೀನಿ. ಸ್ಟ್ರಾ ಹಾಕಿ ಎಳನೀರು ಕುಡಿಯಬೇಡಿ, ಲೋಟಕ್ಕೆ ಬಗ್ಗಿಸಿಕೊಳ್ಳಿ. ಜೋರಾಗಿ ಉಗುಳಬೇಡಿ.

ಒಲೆ ಊದುವುದು ಯಾರಿಗೂ ನೆನಪಾಗುವುದಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕುವ ಮನೆಗಳಲ್ಲಿ ಊದುಗೊಳವೆ ಕೈಗೆ ಬರುವುದು ಅಭ್ಯಾಸ. ಡಾಕ್ಟರ ಚೀಟಿಯಲ್ಲಿ ಅದು ಇರುವುದಿಲ್ಲ. ಅವ್ವ ಎರಡನೇ ದಿನವೇ ಒಲೆ ಮುಂದೆ ಕೂತಿದ್ದರು. ಊದುಗೊಳವೆಯನ್ನು ಅಟ್ಟದ ಮೇಲೆ ಎತ್ತಿಟ್ಟೆವು. ಕೊಂಬು ಊದುವವರು, ವಾಲಗದವರು ಡಾಕ್ಟರು ಒಪ್ಪುವವರೆಗೆ ವಾದ್ಯ ಮುಟ್ಟಬಾರದು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಹತ್ತಿರ ಇದ್ದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನೂ ಬಿಡಿ. ಕೋವಿಯ ಹಿಡಿ ಒರಗುವುದು ಅದೇ ಕೆನ್ನೆಗೆ. ಹಾಕಿ ಆಡುವವರೂ ಅಷ್ಟೇ. 50 ಕಿಲೋ ಕಾಫಿ ಚೀಲ ಎತ್ತುವುದು, ಏಣಿ ಹತ್ತುವುದು, ತಲೆ ಬಗ್ಗಿಸಿ ಕಳೆ ಕೀಳುವುದು ಎರಡು ವಾರವಾದರೂ ಬೇಡ. ಕೂಲಿ ಕೆಲಸದವರು ಈ ರಜೆಯನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.

ವಿಮಾನ ಪ್ರಯಾಣವನ್ನು ಡಾಕ್ಟರುಗಳು ಕೆಲವು ವಾರ ಬೇಡ ಅನ್ನುತ್ತಾರೆ. ಘಾಟಿ ಅಷ್ಟು ಕಠಿಣವಲ್ಲ, ಆದರೆ ಮಂಗಳೂರಿನ ಸಮುದ್ರಮಟ್ಟದಿಂದ ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರ. ಹತ್ತುವಾಗ ಕಿವಿ ಕಟ್ಟುತ್ತದೆ. ಆಗ ಮೂಗು ಹಿಡಿದು ಗಾಳಿ ಒತ್ತುವ ಅಭ್ಯಾಸ ಅನೇಕರಿಗಿದೆ. ಅದನ್ನು ಮಾಡಲೇಬೇಡಿ, ಉಗುಳು ನುಂಗಿ. ಅನುಕೂಲ ಇದ್ದರೆ ಆ ರಾತ್ರಿ ಕೆಳಗೇ ಉಳಿದು ಮರುದಿನ ತೋರಿಸಿಕೊಂಡು ಹತ್ತಿ. ಹಿಂದಿನ ಸೀಟಿನಲ್ಲಿ ತಲೆದಿಂಬಿಗೆ ಒರಗಿ ಕೂರಿ.

ಊತ ಎರಡು ಮೂರನೇ ದಿನಕ್ಕೆ ಜಾಸ್ತಿ ಆಗುತ್ತದೆ, ಆಮೇಲೆ ಇಳಿಯುತ್ತದೆ. ಕಣ್ಣಿನ ಕೆಳಗೆ ನೀಲಿ, ಹಳದಿ ಬಣ್ಣ ಬಂದರೆ ಹೆದರಬೇಡಿ. ಮೊದಲ ದಿನ ಕೆನ್ನೆ ಮೇಲೆ ಬಟ್ಟೆ ಸುತ್ತಿದ ಐಸ್ ಇಡಿ. ಎರಡು ದಿಂಬು ಇಟ್ಟು ಮಲಗಿ. ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಇಟ್ಟು ಹಾಗೇ ಸುರಿದುಬಿಡಿ, ಮುಕ್ಕಳಿಸಬೇಡಿ. ಬರೆದುಕೊಟ್ಟ ಆಂಟಿಬಯೋಟಿಕ್ ಪೂರ್ತಿ ಮುಗಿಸಿ. ಹಳೆಯ ಹಲ್ಲು ಸೆಟ್ಟು ಇದ್ದರೆ ಡಾಕ್ಟರು ಸರಿಮಾಡಿ ಕೊಡುವವರೆಗೆ ಹಾಕಬೇಡಿ.

ಊಟಕ್ಕೆ ಆರಿದ ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ನೂಪುಟ್ಟು, ಬಾಳೆಹಣ್ಣು, ಕಿವುಚಿದ ಬೇಯಿಸಿದ ಮೊಟ್ಟೆ. ಬೆಲ್ಲ ಕಾಫಿ ಬೇಕೇ ಬೇಕು ಅನ್ನುವವರು ಮೊದಲ ದಿನ ಬಿಟ್ಟು, ಆಮೇಲೆ ಆರಿಸಿಕೊಂಡು ಕುಡಿಯಿರಿ. ಅಕ್ಕಿ ರೊಟ್ಟಿಯ ಗರಿ ಅಂಚು, ಕಾಚಂಪುಳಿ ಹಾಕಿದ ಪಂದಿ ಕರಿ, ಗಾಂಧಾರಿ ಮೆಣಸು ಹೊಲಿಗೆ ಬಿಚ್ಚಿದ ಮೇಲೆ.

ಮೂಗಿನಿಂದ ಒಂದೆರಡು ದಿನ ಸ್ವಲ್ಪ ರಕ್ತ ಬರುವುದು ಸಾಮಾನ್ಯ. ಆದರೆ ನೀರು ಕುಡಿದರೆ ಮೂಗಿನಲ್ಲಿ ಬರುವುದು, ಮೂಗಿನಿಂದಲೋ ಬಾಯಿಯಿಂದಲೋ ಹರಳು ಉದುರುವುದು, ಮೂರನೇ ದಿನ ಕಳೆದ ಮೇಲೂ ಊತ ಏರುವುದು, ಜ್ವರ, ಕೆಟ್ಟ ವಾಸನೆಯ ಕೀವು, ನಿಲ್ಲದ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಫೋನ್ ಮಾಡಿ. ಬೆಳಗ್ಗೆ ನೋಡೋಣ ಅನ್ನಬೇಡಿ.

ಕಾಯುವುದು, ಇಂಪ್ಲಾಂಟ್, ಕ್ಯಾಪ್

ಹೊಲಿಗೆ ಒಂದೆರಡು ವಾರದಲ್ಲಿ ಬಿಚ್ಚುತ್ತಾರೆ. ಕಿಟಕಿ ವಿಧಾನದಲ್ಲಿ ಮೂಳೆ ಗಟ್ಟಿಯಾಗಲು ಆರರಿಂದ ಒಂಬತ್ತು ತಿಂಗಳು ಹಿಡಿಯಬಹುದು. ನೋವಿಲ್ಲ, ಎಲ್ಲ ಸರಿಹೋಯಿತು ಅಂತ ಡಾಕ್ಟರನ್ನು ಅವಸರ ಮಾಡಬೇಡಿ. ಮತ್ತೊಂದು ಸ್ಕ್ಯಾನ್ ನೋಡಿ ಇಂಪ್ಲಾಂಟ್ ಕೂರಿಸುತ್ತಾರೆ. ಅದು ಸೈನಸ್ ಲಿಫ್ಟ್‌ಗಿಂತ ತುಂಬಾ ಹಗುರದ ಕೆಲಸ. ಟೈಟೇನಿಯಂ ಮೂಳೆಗೆ ಹಿಡಿಯಲು ಮೂರರಿಂದ ಆರು ತಿಂಗಳು ಕೊಡಿ, ಆಮೇಲೆ ಕ್ಯಾಪ್.

ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡಿಗೆ ರೋಗ ಬರಬಹುದು. ಅದು ಕಟ್ಟಿದ ಮೂಳೆಯನ್ನೇ ತಿನ್ನುತ್ತದೆ. ಸಂದಿಗೆ ಹೋಗುವ ಸಣ್ಣ ಬ್ರಷ್‌ನಿಂದ ದಿನಾ ಉಜ್ಜಿ, ಆರು ತಿಂಗಳಿಗೊಮ್ಮೆ ತೋರಿಸಿ.

ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ ಹೆಸರು, ಉದ್ದ, ದಪ್ಪ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಒಂದು ಕಾರ್ಡಿಗೆ ಅಂಟಿಸಿಕೊಡಿ ಅಂತ ಕೇಳಿ ಪಡೆಯಿರಿ, ಬಳಸಿದ ಮೂಳೆಪುಡಿಯ ಹೆಸರನ್ನೂ ಅದರಲ್ಲೇ ಬರೆಸಿ. ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಸ್ಕ್ರೂಡ್ರೈವರ್ ಬೇಕು. ಹತ್ತು ವರ್ಷ ಆದ ಮೇಲೆ ಕ್ಯಾಪ್ ಸಡಿಲವಾಗಿ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಬೇರೆ ಡಾಕ್ಟರ ಮುಂದೆ ಕೂತಾಗ, ಅವರು ಮೊದಲು ಕೇಳುವುದು ಅದೇ ಕಾರ್ಡು. ಫೋನಿನಲ್ಲಿ ಅದರ ಫೋಟೋ ತೆಗೆದು, ಮನೆಯ ಇನ್ನೊಬ್ಬರಿಗೂ ಕಳಿಸಿಡಿ.